ಪಾಪುಗೆ ಮೊದಲ ವರ್ಷ, ಅಕ್ಕನಿಗೆ ಐದನೇದು

ಪಾಪುನ ಮನೆಗೆ ಕರ್ಕೊಂಡು ಬಂದ ದಿನ ದೊಡ್ಡವಳು ರೂಮಿಗೆ ಓಡಿಹೋಗಿ ತನ್ನ ಕರಡಿಮರಿ ತಂದು ಅವನ ತೊಟ್ಟಿಲಲ್ಲಿ ಇಟ್ಟಳು. ಆ ಕರಡಿಮರಿ ಎಂಥದ್ದು ಅಂತ ನಿಮಗೆ ಹೇಳ್ಬೇಕು. ಎರಡೂವರೆ ವರ್ಷ ಆದಾಗಿಂದ ಅದಿಲ್ದೆ ಅವಳು ಒಂದು ರಾತ್ರಿನೂ ಮಲಗಿಲ್ಲ, ಒಂದು ಕಿವಿ ಕಿತ್ತುಬಂದು ನಾನೇ ಎರಡು ಸಲ ಹೊಲಿದಿದೀನಿ, ಒಗೆಯೋಕೆ ಹಾಕಿದ್ರೆ ಒಣಗೋವರೆಗೂ ಅದರ ಕೆಳಗೇ ನಿಂತಿರ್ತಾಳೆ. ಅಂಥದ್ದನ್ನ ಯಾರೂ ಕೇಳ್ದೆ ತಂದು ಕೊಟ್ಳು. ನಾಲ್ಕು ದಿನದಿಂದ ನಿದ್ದೆ ಇಲ್ದೆ ಇದ್ದ ನಾನು "ಬೇಡ ಬೇಡ ಬೇಡ, ತೊಟ್ಟಿಲಲ್ಲಿ ಏನೂ ಇಡಬಾರ್ದು" ಅಂತ ಅದನ್ನ ಎತ್ತಿ ಪಕ್ಕಕ್ಕೆ ಹಾಕ್ದೆ. ಅವಳು ಮಾತಾಡ್ಲಿಲ್ಲ. ಕರಡಿನ ಎತ್ಕೊಂಡು ವಾಪಸ್ ಹೋದ್ಳು.

ನಾನು ಹೇಳಿದ ವಿಷಯ ತಪ್ಪಲ್ಲ. ಒಂದು ವರ್ಷದ ಒಳಗಿನ ಮಗು ಮಲಗೋ ಜಾಗದಲ್ಲಿ ದಿಂಬು, ದಪ್ಪ ಹೊದಿಕೆ, ಮೆತ್ತನೆ ಬೊಂಬೆ ಯಾವುದೂ ಇರಬಾರ್ದು, ಗಟ್ಟಿಯಾಗಿ ಸಮವಾಗಿರೋ ಹಾಸಿಗೆ ಮೇಲೆ ಅಂಗಾತ ಮಲಗಿಸ್ಬೇಕು, ಮೂಗು ಬಾಯಿ ಮುಚ್ಚೋ ಅಂಥದ್ದು ಏನೂ ಹತ್ರ ಇರಬಾರ್ದು. ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನ ಅಂಗಾತ ಮಲಗಿಸಿ ಅಂತ ದೊಡ್ಡದಾಗಿ ಪ್ರಚಾರ ಶುರು ಮಾಡಿದ್ರು, ಆಮೇಲಿನ ವರ್ಷಗಳಲ್ಲಿ ಏನೂ ಕಾಯಿಲೆ ಇಲ್ದೆ ನಿದ್ದೆಯಲ್ಲೇ ಹೋಗಿಬಿಡೋ ಮಕ್ಕಳ ಸಂಖ್ಯೆ ಎರಡೂ ಕಡೆ ಅರ್ಧಕ್ಕೂ ಕೆಳಗೆ ಇಳೀತು. ಮಲಗಿಸೋ ರೀತಿ ಬದಲಾಯಿಸಿದ್ದಕ್ಕೇ ಅಷ್ಟೊಂದು ಜೀವ ಉಳೀತು ಅಂದ್ರೆ ಆ ರೂಲ್ ನಾನು ಮುರಿಯಲ್ಲ. ಆದ್ರೆ ನಾಲ್ಕು ವರ್ಷದ ಹುಡುಗಿಗೆ ಅವತ್ತು ಕೇಳಿಸಿದ್ದು ಆ ರೂಲ್ ಅಲ್ಲ, ನೀನು ಕೊಟ್ಟಿದ್ದು ಇಲ್ಲಿ ಬೇಡ ಅಂತ.

ರಾತ್ರಿ ನನ್ನ ಗಂಡ ಅವಳನ್ನ ಮಲಗಿಸೋಕೆ ಹೋದಾಗ ಕೇಳಿದ್ಳಂತೆ, ಕರಡಿ ಯಾಕೆ ಬೇಡ ಅಂತ. ಪಾಪುಗೆ ಇನ್ನೂ ಕತ್ತು ಎತ್ತೋಕೆ ಶಕ್ತಿ ಇಲ್ಲ, ಕರಡಿ ಮುಖದ ಮೇಲೆ ಬಿದ್ರೆ ತಳ್ಳೋಕೂ ಬರಲ್ಲ, ಅವನಿಗೆ ಒಂದು ವರ್ಷ ಆಗ್ಲಿ ಆಮೇಲೆ ಕೊಡು ಅಂದ್ರಂತೆ. "ಒಂದು ವರ್ಷ ಅಂದ್ರೆ ಎಷ್ಟು ನಿದ್ದೆ?" "365." ಅವಳಿಗೆ ಆಗ ಇಪ್ಪತ್ತರ ತನಕ ಎಣಿಸೋಕೆ ಬರ್ತಿತ್ತು ಅಷ್ಟೆ.

ಪಾಪುನ ಮೊದಲ ವರ್ಷದ ಬಗ್ಗೆ ಬರೀತೀನಿ ಅಂತ ಕೂತಿದ್ದೆ, ಆದ್ರೆ ಎಲ್ಲಿಂದ ಶುರು ಮಾಡಿದ್ರೂ ಅದು ದೊಡ್ಡವಳ ಹತ್ರನೇ ಹೋಗಿ ನಿಲ್ತಿದೆ. ಬಸುರಿ ಆಗಿದ್ದಾಗ ನಾನು ಓದಿದ್ದೆಲ್ಲ ಹೊಸ ಮಗು ಬಗ್ಗೆ, ತಯಾರಿ ಮಾಡಿದ್ದೆಲ್ಲ ಅವನಿಗೆ, ಬಟ್ಟೆ ಅವನಿಗೆ ಡೈಪರ್ ಅವನಿಗೆ ತೊಟ್ಟಿಲು ಅವನಿಗೆ, ಇವಳಿಗೆ ಹೇಳಿದ್ದು ಒಂದೇ, ನಿನ್ ಜೊತೆ ಆಡೋಕೆ ತಮ್ಮ ಬರ್ತಾನೆ ಅಂತ. ಅದು ಸುಳ್ಳು, ಬಂದವನು ಆಡ್ಲಿಲ್ಲ, ನಿದ್ದೆ ಮಾಡ್ದ ಅತ್ತ ಹಾಲು ಕುಡಿದ ಮತ್ತೆ ಅತ್ತ. ಒಂದು ವಾರ ಕಾದು ಅವಳು ನನ್ನ ಹತ್ರ ಬಂದು ಗುಟ್ಟಾಗಿ ಕೇಳಿದ್ಳು, "ಅಮ್ಮ, ಇವನು ಯಾವಾಗ ಶುರು ಆಗ್ತಾನೆ?"

ಅವಳ ಪ್ರಶ್ನೆಗಳು ಒಂದಾ ಎರಡಾ. ನಾನು ಎರಡನೇ ಸಲ ತಾಯಿ, ಆದ್ರೂ ಪಾಪುನ ಸರಿಯಾಗಿ ನೋಡಿದ್ದು ಅವಳ ಪ್ರಶ್ನೆಗಳಿಂದಲೇ. ಇವನು ಅಳ್ತಾನೆ ಆದ್ರೆ ಕಣ್ಣೀರು ಯಾಕೆ ಬರಲ್ಲ ಅಂದ್ಳು, ನೋಡಿದ್ರೆ ಹೌದು, ಅಷ್ಟು ಕಿರುಚ್ತಾನೆ ಕೆನ್ನೆ ಮಾತ್ರ ಒಣಗೇ ಇದೆ. ಹುಟ್ಟಿದ ಮಕ್ಕಳ ಕಣ್ಣಲ್ಲಿ ಕಣ್ಣು ಒದ್ದೆ ಆಗಿರೋಷ್ಟೇ ನೀರು ಬರೋದು, ಉದುರೋ ಕಣ್ಣೀರು ಬರೋಕೆ ಕೆಲವು ವಾರ ಬೇಕು, ಇವಳು ಹುಟ್ಟಿದಾಗ್ಲೂ ಹಾಗೇ ಇದ್ದಿರ್ಬೇಕು ನಾನು ಗಮನಿಸಿರ್ಲಿಲ್ಲ. ತಲೆ ಮೇಲೆ ಏನೋ ಬಡ್ಕೊಳ್ತಿದೆ ಅಂದ್ಳು, ನೆತ್ತಿ. ತಲೆಬುರುಡೆ ಮೂಳೆಗಳು ಇನ್ನೂ ಕೂಡಿರಲ್ಲ, ಒಳಗೆ ಮಿದುಳು ಬೆಳೀಬೇಕಲ್ಲ ಅದಕ್ಕೆ ಜಾಗ ಬಿಟ್ಕೊಂಡಿರುತ್ತೆ, ಹಿಂದಿನದು ಎರಡು ಮೂರು ತಿಂಗಳಲ್ಲಿ ಮುಚ್ಕೊಳ್ಳುತ್ತೆ ಮುಂದಿನ ನೆತ್ತಿ ಕೂಡೋಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ. ಹೃದಯ ತಲೆಯಲ್ಲಿ ಇದ್ಯಾ ಅಂತ ಕೇಳಿದ್ಳು. ಇಲ್ಲ, ಹೃದಯ ಬಡಿಯೋದು ಅಲ್ಲಿ ಕಾಣ್ಸುತ್ತೆ ಅಂದೆ. ಆಮೇಲಿಂದ ದಿನಾ ಬೆಳಿಗ್ಗೆ ಎದ್ದ ತಕ್ಷಣ ಬಂದು ಒಂದೇ ಒಂದು ಬೆರಳಲ್ಲಿ, ಗಾಳಿ ಮುಟ್ಟಿದ ಹಾಗೆ ಮುಟ್ಟಿ ನೋಡೋಳು, ಬಡೀತಿದೆ ಅಂತ ಹೇಳಿ ಹೋಗೋಳು.

ನನ್ನನ್ನ ನೋಡ್ತಾನಾ ಅಂತ ಒಂದಿನ ಕೇಳಿದ್ಳು. ಹುಟ್ಟಿದ ಮಗುಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇರೋದು ಮಾತ್ರ ಸುಮಾರಾಗಿ ಕಾಣುತ್ತೆ, ಹಾಲು ಕುಡಿಯುವಾಗ ಅಮ್ಮನ ಮುಖ ಎಷ್ಟು ದೂರ ಇರುತ್ತೋ ಅಷ್ಟು. ಅವಳ ಸ್ಕೇಲ್ ತಗೊಂಡು ತೋರಿಸ್ದೆ, ಸ್ಕೇಲ್ 30 ಸೆಂಟಿಮೀಟರ್, ಅದರ ಒಳಗೆ ಬಂದ್ರೆ ನೀನು ಕಾಣ್ತೀಯ, ಆಚೆ ಹೋದ್ರೆ ಮಬ್ಬು. ಆ ಸ್ಕೇಲ್ ಎಷ್ಟೋ ದಿನ ತೊಟ್ಟಿಲ ಪಕ್ಕನೇ ಇತ್ತು. ಬಾಗಿಲು ಹಾಕಿದ ಸದ್ದಿಗೆ ಪಾಪು ಬೆಚ್ಚಿ ಎರಡೂ ಕೈ ಅಗಲಿಸಿ ಮತ್ತೆ ತಬ್ಕೊಳ್ಳೋ ಹಾಗೆ ಮಾಡಿದಾಗ ಅವಳಿಗೆ ಭಯ ಆಯ್ತು, ಬೀಳ್ತಿದಾನಾ ಅಂತ. ಅದಕ್ಕೆ ಮೋರೋ ರಿಫ್ಲೆಕ್ಸ್ ಅಂತಾರೆ, ಅರ್ನ್‌ಸ್ಟ್ ಮೋರೋ ಅನ್ನೋ ಮಕ್ಕಳ ಡಾಕ್ಟರ್ 1918ರಲ್ಲಿ ಅದರ ಬಗ್ಗೆ ಬರೆದಿದ್ರಿಂದ ಅವರ ಹೆಸರೇ ಬಂತು, ನಾಲ್ಕರಿಂದ ಆರು ತಿಂಗಳಲ್ಲಿ ತಾನಾಗೇ ಹೋಗುತ್ತೆ. ಅವಳಿಗೆ ನಾನು ಹೇಳಿದ್ದು, ಅವನು ಬಿದ್ದೆ ಅನ್ಕೊಂಡು ನಮ್ಮನ್ನ ಹಿಡ್ಕೊಳ್ಳೋಕೆ ನೋಡ್ತಾನೆ ಅಂತ. ಅವತ್ತಿಂದ ಅವಳು ಬಾಗಿಲು ಹಾಕೋದೇ ಬೇರೆ ಥರ ಆಯ್ತು, ಎರಡೂ ಕೈಯಲ್ಲಿ ಹಿಡ್ಕೊಂಡು ನಿಧಾನಕ್ಕೆ.

ಅಷ್ಟು ಪ್ರೀತಿಯಿಂದ ಶುರು ಆದವಳು ಐದಾರು ವಾರದಲ್ಲಿ ಬದಲಾದ್ಳು. ಎರಡು ವರ್ಷದ ಹಿಂದೆ ನಿಂತಿದ್ದ ಹಾಸಿಗೆ ಒದ್ದೆ ಮಾಡೋದು ಮತ್ತೆ ಬಂತು. ಮಾತು ತೊದಲು ಮಾಡ್ಕೊಂಡ್ಳು. ಬಟ್ಟೆ ನೀನೇ ಹಾಕು, ನೀನೇ ತಿನ್ಸು, ನೀನೇ ಎತ್ಕೋ. ನನಗೆ ಆಗ ಸಿಟ್ಟು ಬರ್ತಿತ್ತು, ಇಷ್ಟು ದಿನ ತಾನೇ ಮಾಡ್ಕೊಳ್ತಿದ್ದೋಳು ಈಗ್ಲೇ ಯಾಕೆ ಅಂತ. ಈಗ ಕೂತು ಲೆಕ್ಕ ಹಾಕಿದ್ರೆ ಯಾಕೆ ಅಂತ ಗೊತ್ತಾಗುತ್ತೆ. ಹೊಸ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತೆ. ನಮ್ಮವನು ಹತ್ತು ಸಲ, ಒಂದೊಂದು ಸಲ ನಲವತ್ತು ನಿಮಿಷ, ಹಾಲು ತೇಗ್ಸೋದು ಡೈಪರ್ ಬದಲಾಯಿಸೋದು ಬಿಟ್ಟೇ ನಾನೂರು ನಿಮಿಷ, ಹತ್ರ ಹತ್ರ ಏಳು ಗಂಟೆ. ಒಂದು ಆಫೀಸ್ ಕೆಲಸದಷ್ಟು ಹೊತ್ತು ನಾನು ಒಂದೇ ಕುರ್ಚಿಯಲ್ಲಿ ಒಂದೇ ಮಗುನ ಅಪ್ಪಿಕೊಂಡು ಕೂತಿರ್ತಿದ್ದೆ, ಅದನ್ನ ಇನ್ನೊಂದು ಮಗು ಎದುರುಗಡೆ ನಿಂತು ನೋಡ್ತಿತ್ತು. ಮೊದಲ ಮಗುವಿನ ಹೊತ್ತಲ್ಲಿ ಈ ಏಳು ಗಂಟೆ ನನ್ನ ದಣಿವಿನ ಲೆಕ್ಕ ಮಾತ್ರ ಆಗಿತ್ತು. ಎರಡನೇದರಲ್ಲಿ ಅದು ಇನ್ನೊಬ್ಬರಿಂದ ತಗೊಂಡ ಗಂಟೆ.

ಅದೇ ಹೊತ್ತಿಗೆ ಪಾಪುನ ಅಳು ಜಾಸ್ತಿ ಆಯ್ತು. ಮಕ್ಕಳ ಅಳು ಹುಟ್ಟಿದ ಎರಡನೇ ವಾರದಿಂದ ಏರ್ತಾ ಹೋಗಿ ಆರನೇ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತೆ, ಅದು ಅಮ್ಮ ಏನೋ ತಪ್ಪು ಮಾಡಿದ್ದಕ್ಕೆ ಅಲ್ಲ. ಅದು ತಲೆಗೆ ಗೊತ್ತಿದ್ರೂ ಸಂಜೆ ಆರರಿಂದ ಒಂಬತ್ತರವರೆಗೆ ಭುಜದ ಮೇಲೆ ಹಾಕ್ಕೊಂಡು ಹಾಲ್‌ನಲ್ಲಿ ಓಡಾಡ್ವಾಗ ಏನೂ ಸಹಾಯಕ್ಕೆ ಬರಲ್ಲ. ಆ ಹೊತ್ತಲ್ಲಿ ಮನೆಯಲ್ಲಿ ಎಲ್ಲರ ದನಿನೂ ಏರಿರ್ತಿತ್ತು.

ಹತ್ತನೇ ವಾರ. ದೊಡ್ಡವಳಿಗೆ ಸ್ಕೂಲಿಂದ ನೆಗಡಿ ಬಂತು, ಎರಡು ದಿನ ಬಿಟ್ಟು ಪಾಪು ಮೈ ಬಿಸಿ, ಥರ್ಮಾಮೀಟರ್ ಇಟ್ರೆ 38.3. ಮೂರು ತಿಂಗಳ ಒಳಗಿನ ಮಗುಗೆ 38 ಡಿಗ್ರಿ ಅಂದ್ರೆ ಫ್ಯಾರನ್‌ಹೀಟ್‌ನಲ್ಲಿ 100.4 ಮುಟ್ಟಿದ್ರೆ ಬೆಳಗಾಗ್ಲಿ ನೋಡೋಣ ಅನ್ನೋ ಮಾತೇ ಇಲ್ಲ, ಆಗಿಂದಾಗ್ಲೇ ಡಾಕ್ಟರ್ ಹತ್ರ ಹೋಗ್ಬೇಕು, ಯಾಕಂದ್ರೆ ಆ ವಯಸ್ಸಲ್ಲಿ ದೊಡ್ಡ ಸೋಂಕಾದ್ರೂ ಹೊರಗೆ ಕಾಣೋದು ಬರೀ ಜ್ವರ ಒಂದೇ ಆಗಿರ್ಬಹುದು. ದಯವಿಟ್ಟು ಇದೊಂದು ಓದಿ ಮರೀಬೇಡಿ, ಮನೆಯಲ್ಲಿ ಇರೋ ಔಷಧಿ ಕೊಟ್ಟು ಕಾಯ್ಬೇಡಿ. ನಾವು ರಾತ್ರಿ ಹನ್ನೊಂದಕ್ಕೆ ಹೋದ್ವಿ. ರಕ್ತ ತಗೊಂಡ್ರು, ಯೂರಿನ್ ತಗೊಂಡ್ರು, ಆ ಸಣ್ಣ ಕೈಗೆ ಸೂಜಿ ಹಾಕಿ ಕಟ್ಟಿದ್ರು, ಎರಡು ರಾತ್ರಿ ಇಟ್ಕೊಂಡ್ರು, ಕೊನೆಗೆ ಸಾಧಾರಣ ವೈರಸ್ ಅಷ್ಟೇ ಅಂತ ಗೊತ್ತಾಗಿ ಮನೆಗೆ ಕಳ್ಸಿದ್ರು.

ಮನೆಗೆ ಬಂದ್ರೆ ದೊಡ್ಡವಳು ಓಡಿ ಬರ್ಲಿಲ್ಲ. ಬಾಗಿಲ ಹತ್ರ ಗೋಡೆಗೆ ಬೆನ್ನು ಅಂಟಿಸ್ಕೊಂಡು ನಿಂತಿದ್ಳು, ಕೈ ಎರಡೂ ಹಿಂದೆ. ನೆತ್ತಿ ನೋಡ್ಲಿಲ್ವಾ ಅಂದೆ, ತಲೆ ಅಲ್ಲಾಡಿಸಿದ್ಳು. ಆಮೇಲೆ ಗೊತ್ತಾಯ್ತು, ಆ ಎರಡು ದಿನದಲ್ಲಿ ಮನೆಗೆ ಬಂದವರೊಬ್ರು ನೀನೇ ಮುಟ್ಟಿ ಮುಟ್ಟಿ ಅವನಿಗೆ ಕಾಯಿಲೆ ಅಂಟಿಸ್ದೆ ಅಂದಿದ್ರು. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ ಇರ್ಬಹುದು, ದೊಡ್ಡವರು ಮಾತು ಹಾಗೇ ಆಡಿಬಿಡ್ತಾರೆ, ಆದ್ರೆ ನನಗೆ ಇವತ್ತಿಗೂ ಆ ಮಾತು ನುಂಗೋಕೆ ಆಗ್ತಿಲ್ಲ. ನಾಲ್ಕು ವರ್ಷದ ಮಗು ಎರಡು ರಾತ್ರಿ ತಮ್ಮನನ್ನ ತಾನೇ ಸಾಯಿಸಿಬಿಟ್ಟೆ ಅನ್ಕೊಂಡು ಮಲಗಿದೆ. ನಾನು ಅಲ್ಲೇ ನೆಲದ ಮೇಲೆ ಕೂತು ಅವಳನ್ನ ಎಳ್ಕೊಂಡೆ. ನೆಗಡಿ ಮಾಡಿದ್ದು ವೈರಸ್, ನೀನಲ್ಲ, ಅದು ನಿನಗೂ ಕಾಟ ಕೊಟ್ಟಿದೆ ಅಂದೆ. ವೈರಸ್‌ಗೆ ಏನ್ ಮಾಡೋದು ಅಂದ್ಳು. ಸೋಪ್ ಹಾಕಿ ಇಪ್ಪತ್ತು ಎಣಿಸೋವರೆಗೂ ಕೈ ತೊಳ್ಕೊಳ್ಳೋದು ಅಂದೆ, ಇಪ್ಪತ್ತು ಅವಳಿಗೆ ಬರ್ತಿತ್ತಲ್ಲ. ಆಮೇಲೆ ಮನೆಗೆ ಯಾರೇ ಬರ್ಲಿ ಸಿಂಕ್ ಪಕ್ಕ ಸ್ಟೂಲ್ ಹಾಕ್ಕೊಂಡು ನಿಂತು ಅವರ ಪರವಾಗಿ ಗಟ್ಟಿಯಾಗಿ ಇಪ್ಪತ್ತು ಎಣಿಸೋದು ಅವಳ ಕೆಲಸ ಆಯ್ತು. ಆ ಮಾತಂದವರ ಕೈಗೂ ಎಣಿಸಿದ್ಳು.

ಇಷ್ಟೆಲ್ಲ ಆದ್ಮೇಲೂ ನನಗೆ ಬುದ್ಧಿ ಬರೋಕೆ ಇನ್ನೊಂದು ಮಧ್ಯಾಹ್ನ ಬೇಕಾಯ್ತು. ಪಾಪುಗೆ ಮೂರು ತಿಂಗಳು ಆಗಿತ್ತು, ಒಂದು ಗಂಟೆ ಅಲ್ಲಾಡಿಸಿ ಅಲ್ಲಾಡಿಸಿ ಮಲಗಿಸಿದ್ದೆ, ಕಣ್ಣು ಮುಚ್ಚಿ ಐದು ನಿಮಿಷ ಆಗಿಲ್ಲ, ಇವಳು ಬಂದು ಅವನ ಕಿವಿ ಹತ್ರ ಬಾಯಿಟ್ಟು ಕೂಗಿದ್ಳು. ಬೇಕಂತಲೇ. ನನ್ನ ಮುಖ ನೋಡ್ಕೊಂಡೇ ಕೂಗಿದ್ಳು. ನಾನು ಅವಳನ್ನ ಯಾವತ್ತೂ ಬಯ್ಯದ ಹಾಗೆ ಬಯ್ದೆ, ತೋಳು ಹಿಡಿದು ಆಚೆ ಬಿಟ್ಟು ಬಾಗಿಲು ಹಾಕ್ದೆ. ಬಾಗಿಲ ಆಚೆಯಿಂದ ಅಳು ಬರ್ಲಿಲ್ಲ. ಒಂದು ನಿಮಿಷ ಬಿಟ್ಟು ಬಾಗಿಲ ಸಂದಿಯಿಂದ ಒಂದು ಮಾತು ಬಂತು, "ಈಗ ನೀನು ನನ್ನ ನೋಡ್ದೆ."

ಎಡ್ವರ್ಡ್ ಟ್ರಾನಿಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, 1978ರಲ್ಲಿ ಅದು ಪ್ರಕಟ ಆಯ್ತು, ಅದರ ವಿಡಿಯೋ ಬಹಳ ಜನ ನೋಡಿರ್ತೀರ. ಅಮ್ಮ ಮಗು ಜೊತೆ ನಗ್ತಾ ಮಾತಾಡ್ತಾ ಇರ್ತಾಳೆ, ಆಮೇಲೆ ಒಂದೆರಡು ನಿಮಿಷ ಮುಖ ಕಲ್ಲಿನ ಹಾಗೆ ಇಟ್ಕೊಂಡು ಏನೂ ಪ್ರತಿಕ್ರಿಯೆ ಕೊಡದೆ ಕೂರ್ತಾಳೆ. ಮಗು ಮೊದ್ಲು ನಗುತ್ತೆ, ಕೈ ಚಾಚುತ್ತೆ, ಸದ್ದು ಮಾಡುತ್ತೆ, ಅಮ್ಮನನ್ನ ವಾಪಸ್ ತರೋಕೆ ಗೊತ್ತಿರೋದೆಲ್ಲ ಮಾಡುತ್ತೆ. ಆಗ್ಲಿಲ್ಲ ಅಂದ್ರೆ ಮುಖ ತಿರುಗಿಸುತ್ತೆ, ಕುಸಿದು ಅಳುತ್ತೆ. ಅದನ್ನ ನಾನು ಬಸುರಿ ಆಗಿದ್ದಾಗ ನೋಡಿ ಪಾಪು ಮುಂದೆ ಫೋನ್ ಹಿಡ್ಕೊಂಡು ಕೂರಬಾರ್ದು ಅಂತ ತೀರ್ಮಾನ ಮಾಡಿದ್ದೆ, ಹಾಗೇ ನಡ್ಕೊಂಡೂ ಇದ್ದೆ. ಆ ಮಧ್ಯಾಹ್ನ ನನಗೆ ಹೊಳೆದಿದ್ದು ಕಲ್ಲು ಮುಖ ನಾನು ಇಟ್ಕೊಂಡಿದ್ದು ಪಾಪು ಕಡೆಗಲ್ಲ, ಅವಳ ಕಡೆಗೆ. ಪಾಪು ಸಣ್ಣಗೆ ಗುರ್ ಅಂದ್ರೂ ನನ್ನ ಮುಖ ಅರಳ್ತಿತ್ತು, ಇವಳು ಡ್ರಾಯಿಂಗ್ ತಂದು ತೋರಿಸಿದ್ರೆ ಹ್ಞೂಂ ಚೆನ್ನಾಗಿದೆ ಅಂತ ಅಂದಿದ್ದೂ ನೆನಪಿರ್ತಿರ್ಲಿಲ್ಲ. ಅವಳು ನಕ್ಕು ನೋಡಿದ್ಳು, ಕರಡಿ ಕೊಟ್ಟು ನೋಡಿದ್ಳು, ತೊದಲು ಮಾತಾಡಿ ನೋಡಿದ್ಳು, ಹಾಸಿಗೆ ಒದ್ದೆ ಮಾಡಿ ಆಯ್ತು, ಉಳಿದಿದ್ದು ಕೂಗೋದೊಂದೇ.

ಆ ರಾತ್ರಿ ನಾನು ತುಂಬಾ ಅತ್ತೆ, ನನ್ನ ಗಂಡ ಮುಂದಿನ ಚೆಕಪ್‌ಗೆ ಡಾಕ್ಟರಿಗೆ ಅದನ್ನೂ ಹೇಳಿದ್ರು. ಅವರು ಹತ್ತು ಪ್ರಶ್ನೆಯ ಒಂದು ಫಾರಂ ಕೊಟ್ರು, ಎಡಿನ್‌ಬರೋ ಸ್ಕೇಲ್ ಅಂತಾರೆ, 1987ರಿಂದ ಹೆರಿಗೆ ಆದವರ ಮನಸ್ಸು ಹೇಗಿದೆ ನೋಡೋಕೆ ಬಳಸ್ತಿರೋದು. ಹೆರಿಗೆ ಆದ ಮೊದಲೆರಡು ವಾರ ಕಾರಣ ಇಲ್ದೆ ಅಳು ಬರೋದು ಸಾಮಾನ್ಯ, ಅದಾದ್ಮೇಲೂ ಬಿಡ್ತಿಲ್ಲ ಅಂದ್ರೆ ಹೇಳ್ಕೋಬೇಕು. ಹೆರಿಗೆ ಆದ ಹೆಂಗಸರಲ್ಲಿ ಜಗತ್ತಿನಾದ್ಯಂತ ನೂರಕ್ಕೆ ಸುಮಾರು 13 ಜನಕ್ಕೆ ಖಿನ್ನತೆಯಂಥ ತೊಂದರೆ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಾನು ಕೆಲವು ವಾರ ಕೌನ್ಸೆಲಿಂಗ್‌ಗೆ ಹೋದೆ, ನಿದ್ದೆ ಸ್ವಲ್ಪ ಸರಿ ಆಯ್ತು, ಅಪ್ಪ ರಾತ್ರಿ ಒಂದು ಫೀಡ್ ಬಾಟ್ಲಿಯಲ್ಲಿ ಕೊಡೋಕೆ ಶುರು ಮಾಡಿದ್ರು, ನಾನು ಒಂದೇ ಸಮನೆ ಐದು ಗಂಟೆ ಮಲಗಿದ ಮೊದಲ ರಾತ್ರಿ ಬೆಳಿಗ್ಗೆ ಎದ್ದಾಗ ಕಿಟಕಿಯಲ್ಲಿ ಬರ್ತಿದ್ದ ಬೆಳಕೇ ಬೇರೆ ಥರ ಕಾಣಿಸ್ತು. ಅಷ್ಟು ಹೇಳಿದ್ರೆ ಸಾಕು.

ಮನೆಯಲ್ಲಿ ನಾವು ಮಾಡಿದ್ದು ದೊಡ್ಡದೇನಲ್ಲ. ದಿನಾ ಸಂಜೆ ಇಪ್ಪತ್ತು ನಿಮಿಷ ಪಾಪು ಅಪ್ಪನ ಹತ್ರ, ಅತ್ರೂ ಅಪ್ಪನ ಹತ್ರನೇ, ನಾನು ಮತ್ತೆ ಅವಳು ರೂಮಲ್ಲಿ ಬಾಗಿಲು ಹಾಕ್ಕೊಂಡು. ಫೋನ್ ಹೊರಗೆ. ಏನು ಆಡ್ಬೇಕು ಅಂತ ಅವಳೇ ಹೇಳ್ಬೇಕು. ಮೊದಲ ದಿನ ಪಾಪು ಹೊರಗೆ ಅಳೋದು ಕೇಳಿ ನನ್ನ ಮೈಯೆಲ್ಲ ಬಾಗಿಲ ಕಡೆಗೇ ಎಳೀತಿತ್ತು, ಹಾಲು ತಾನಾಗೇ ಇಳಿದು ಬಟ್ಟೆ ಒದ್ದೆ ಆಯ್ತು, ಮಗು ಅಳು ಕೇಳಿದ್ರೆ ದೇಹ ಹಾಗೇ ಮಾಡುತ್ತೆ. ಅವಳು ನನ್ನನ್ನೇ ನೋಡ್ತಿದ್ಳು, ಎದ್ದು ಹೋಗ್ತಾಳಾ ಅಂತ. ಹೋಗ್ಲಿಲ್ಲ. ಆಗ ಹೇಳಿದ್ಳು ಆಟ ಏನು ಅಂತ, ನಾನು ಪಾಪು ನೀನು ಅಮ್ಮ.

ಅವಳು ನನ್ನ ತೊಡೆ ಮೇಲೆ ಮಲಗಿದ್ಳು, ಕಾಲು ಕುರ್ಚಿಯ ಆಚೆ ನೇತಾಡ್ತಿತ್ತು. ಬಟ್ಟೆಯಲ್ಲಿ ಸುತ್ತು ಅಂದ್ಳು ಸುತ್ತಿದೆ. ತೇಗ್ಸು ಅಂದ್ಳು, ಬೆನ್ನು ತಟ್ದೆ. ನೆತ್ತಿ ಮುಟ್ಟಿ ನೋಡು ಅಂದ್ಳು. ಮುಟ್ಟಿದೆ, ಗಟ್ಟಿ ಇತ್ತು, ಕೂದಲು ದಪ್ಪ ಆಗಿತ್ತು, ಸ್ಕೂಲಿನ ಮಣ್ಣಿನ ವಾಸನೆ ಇತ್ತು. ಈ ತಲೆನ ನಾನು ಹೀಗೆ ಮುಟ್ಟಿ ಮೂರು ತಿಂಗಳು ಆಗಿತ್ತು ಅನ್ನೋದು ಆಗ ಗೊತ್ತಾಯ್ತು. (ಇದನ್ನ ಟೈಪ್ ಮಾಡ್ತಾ ಇರೋವಾಗ್ಲೂ ಗಂಟಲು ಕಟ್ತಿದೆ.) ಹನ್ನೊಂದು ದಿನ ಅದೇ ಆಟ. ಹನ್ನೆರಡನೇ ದಿನ ಅವಳಾಗೇ ಹೇಳಿದ್ಳು, ಇವತ್ತು ಬ್ಲಾಕ್ಸ್ ಜೋಡಿಸೋಣ ಅಂತ. ಹಾಸಿಗೆ ಒದ್ದೆ ಆಗೋದು ಅದಾದ್ಮೇಲೆ ಒಂದು ತಿಂಗಳಲ್ಲಿ ನಿಂತುಹೋಯ್ತು, ನಾವು ಅದರ ಬಗ್ಗೆ ಒಂದು ಮಾತೂ ಆಡಿರ್ಲಿಲ್ಲ.

ಪಾಪು ಮೊದಲ ಸಲ ಗಟ್ಟಿಯಾಗಿ ಕಿಲಕಿಲ ಅಂತ ನಕ್ಕಿದ್ದು ನಾಲ್ಕು ತಿಂಗಳಲ್ಲಿ. ಮುಗುಳ್ನಗು ಏಳನೇ ವಾರಕ್ಕೇ ನನಗೆ ಸಿಕ್ಕಿತ್ತು, ಆದ್ರೆ ಸದ್ದು ಮಾಡಿ ನಗೋದು ಅಕ್ಕನಿಗೆ. ಅವಳು ಸೀನಿದ್ಳು ಅಷ್ಟೆ. ಅವನು ಒಂದು ಕ್ಷಣ ಸುಮ್ನಿದ್ದು ನಕ್ಕುಬಿಟ್ಟ. ಅವಳು ಬೇಕಂತ ಮತ್ತೆ ಸೀನಿದ್ಳು, ಮತ್ತೆ ನಕ್ಕ, ಆಮೇಲೆ ಇಬ್ಬರೂ ನಿಲ್ಸೋಕೇ ಆಗ್ದೆ ನಗ್ತಾ ಬಿದ್ದಿದ್ರು. ನಾವಿಬ್ಬರೂ ಎಷ್ಟೋ ದಿನದಿಂದ ಆ ನಗು ತರ್ಸೋಕೆ ನೋಡ್ತಿದ್ವಿ, ಅವನಿಗೆ ಬೇಕಾಗಿದ್ದು ಅಕ್ಕನ ಸೀನು. "ಅಮ್ಮ, ಶುರು ಆದ!" ಅಂತ ಅವಳು ಕಿರುಚಿಕೊಂಡು ಬಂದ ದನಿ ನನ್ನ ಕಿವಿಯಲ್ಲಿ ಈಗ್ಲೂ ಇದೆ.

ಮಧ್ಯದ ತಿಂಗಳು ಬೇಗ ಬೇಗ ಹೋದ್ವು. ಹುಟ್ಟಿದಾಗ 3.1 ಕಿಲೋ ಇದ್ದವನು ಮೊದಲ ನಾಲ್ಕು ದಿನದಲ್ಲಿ 2.9ಕ್ಕೆ ಇಳಿದಿದ್ದ, ಅದು ಎಲ್ಲಾ ಮಕ್ಕಳಿಗೂ ಆಗೋದೇ, ಐದು ತಿಂಗಳಿಗೆ ಎರಡರಷ್ಟು ಆದ. ಆರು ತಿಂಗಳಿಗೆ ಊಟ ಶುರು ಮಾಡಿದ್ವಿ, ಹೊಟ್ಟೆಯಲ್ಲಿದ್ದಾಗ ಕೂಡಿಟ್ಕೊಂಡ ಕಬ್ಬಿಣದ ಅಂಶ ಆ ಹೊತ್ತಿಗೆ ಖಾಲಿ ಆಗ್ತಾ ಬರುತ್ತೆ ಹಾಲೊಂದೇ ಸಾಕಾಗಲ್ಲ. ಜೇನುತುಪ್ಪ ಮಾತ್ರ ಒಂದು ವರ್ಷದ ತನಕ ನಾಲಿಗೆಗೂ ಸೋಕಿಸ್ಬಾರ್ದು, ಅದರಲ್ಲಿ ಇರ್ಬಹುದಾದ, ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ತರೋ ಬೀಜಾಣುನ ತಡ್ಕೊಳ್ಳೋ ಶಕ್ತಿ ಎಳೆ ಕರುಳಿಗಿಲ್ಲ. ಇದನ್ನ ಅವಳಿಗೆ ಹೇಳಿದ್ದೆ, ಕರಡಿ ಥರ ಜೇನೂನೂ ಒಂದು ವರ್ಷ ಆದ್ಮೇಲಾ ಅಂದ್ಳು. ಅವಳು ಮರೆತಿದಾಳೆ ಅನ್ಕೊಂಡಿದ್ದೆ ನಾನು.

ಅವನು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳೋಕೆ ಶುರು ಮಾಡಿದಾಗ ದೊಡ್ಡ ಚಿಂತೆ ಅಂದ್ರೆ ಅವಳ ಆಟಿಕೆ. ಮಣಿ, ಸಣ್ಣ ಬ್ಲಾಕ್ಸ್, ಬೊಂಬೆ ಬೂಟು. ಅವಳ ಸಾಮಾನೆಲ್ಲ ಕಿತ್ತು ಅಟ್ಟಕ್ಕೆ ಹಾಕೋದು ಸುಲಭ ಇತ್ತು, ಈ ಸಲ ಹಾಗೆ ಮಾಡ್ಲಿಲ್ಲ. ಟಿಶ್ಯೂ ರೋಲ್ ಮುಗಿದ್ಮೇಲೆ ಉಳಿಯೋ ರಟ್ಟಿನ ಕೊಳವೆ ಇರುತ್ತಲ್ಲ, ಅದರೊಳಗೆ ತೂರೋ ಸಾಮಾನು ಯಾವ್ದೇ ಆಗ್ಲಿ ಪುಟ್ಟ ಮಗುವಿನ ಗಂಟಲಿಗೆ ಸಿಕ್ಕಿಹಾಕ್ಕೊಳ್ಳಬಹುದು. ಅದನ್ನ ಅವಳ ಕೈಗೆ ಕೊಟ್ಟು ನೀನೇ ಟೆಸ್ಟ್ ಮಾಡು ಅಂದೆ. ಒಂದು ಇಡೀ ಮಧ್ಯಾಹ್ನ ಕೂತು ಒಂದೊಂದೇ ಹಾಕಿ ನೋಡಿದ್ಳು, ತೂರಿದ್ದೆಲ್ಲ ಮೇಜಿನ ಮೇಲೆ, ತೂರದೇ ಇದ್ದಿದ್ದು ನೆಲದ ಮೇಲೆ. ನನ್ನ ಪೆನ್ನಿನ ಕ್ಯಾಪು, ಅಪ್ಪನ ಶರ್ಟ್ ಗುಂಡಿ, ನಮಗೆ ಗೊತ್ತೇ ಇರದ ಒಂದು ಸೋಫಾ ಸ್ಕ್ರೂ ಎಲ್ಲಾ ಹುಡುಕಿ ತಂದ್ಳು. ರಿಮೋಟಿನ ನಾಣ್ಯದಂಥ ಬ್ಯಾಟರಿ ಮತ್ತೆ ಮ್ಯಾಗ್ನೆಟ್ ಮಾತ್ರ ನಾನೇ ಎತ್ತಿ ಬೀಗ ಹಾಕ್ದೆ, ಬ್ಯಾಟರಿ ನುಂಗಿದ್ರೆ ಕೆಲವೇ ಗಂಟೆಯಲ್ಲಿ ಒಳಗೆ ಸುಡುತ್ತೆ, ಮ್ಯಾಗ್ನೆಟ್‌ಗಳು ಒಂದಕ್ಕೊಂದು ಅಂಟ್ಕೊಂಡು ಮಧ್ಯೆ ಸಿಕ್ಕ ಕರುಳಿಗೆ ತೂತು ಮಾಡ್ತಾವೆ, ಅದು ಮಕ್ಕಳಿಗೆ ಬಿಡೋ ಕೆಲಸ ಅಲ್ಲ.

ಬಟ್ಟೆ ಹಿಂದೆ ಬಚ್ಚಿಟ್ಕೊಂಡು ಬೂ ಅನ್ನೋ ಆಟ ಅವಳು ಮೊದಲಿಂದ್ಲೂ ಆಡಿಸ್ತಿದ್ಳು. ನಾಲ್ಕು ತಿಂಗಳಲ್ಲಿ ಅವಳು ಪರದೆ ಹಿಂದೆ ಹೋದ್ರೆ ಅವನು ಬೇರೆ ಕಡೆ ನೋಡ್ಕೊಂಡು ಇದ್ದುಬಿಡ್ತಿದ್ದ, ಅವಳಿಗೆ ಬೇಜಾರು, ನನ್ನ ಹುಡುಕ್ತಾನೇ ಇಲ್ಲ ಅಂತ. ಕಣ್ಣಿಗೆ ಕಾಣ್ದೆ ಇರೋದೂ ಎಲ್ಲೋ ಇದೆ ಅನ್ನೋದು ಮಗುವಿನ ತಲೆಗೆ ಗಟ್ಟಿಯಾಗಿ ಕೂರೋದು ಎಂಟು ಒಂಬತ್ತು ತಿಂಗಳ ಹೊತ್ತಿಗೆ ಅಂತ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ್ದು, ನಮ್ಮನೆಯಲ್ಲಿ ಅದು ನಡೆದಿದ್ದನ್ನ ನಾನು ಕಣ್ಣಾರೆ ಕಂಡೆ. ಎಂಟೂವರೆ ತಿಂಗಳು, ಅವಳು ಸ್ಕೂಲಿಗೆ ಹೋದ್ಮೇಲೆ ಪಾಪು ಕೂತಲ್ಲೇ ಜರುಗ್ತಾ ಜರುಗ್ತಾ ಪರದೆ ಹತ್ರ ಹೋಗಿ ಅದನ್ನ ಎಳೆದು ನೋಡ್ದ. ಅಕ್ಕ ಅಲ್ಲಿರ್ಲಿಲ್ಲ. ಮತ್ತೆ ಎಳೆದ. ಆಮೇಲೆ ಅತ್ತ. ಸಂಜೆ ಅವಳು ಬಂದಾಗ ಇದನ್ನ ಹೇಳ್ದೆ. ಬ್ಯಾಗ್ ಕೂಡ ಇಳಿಸ್ದೆ ಸೀದಾ ಪರದೆ ಹಿಂದೆ ಹೋಗಿ ನಿಂತ್ಳು, ಅವನು ಬಂದು ಎಳೆಯೋವರೆಗೂ.

ಜರುಗ್ತಾ ಅಂದೆನಲ್ಲ, ಅದು ಒಂದು ಸಣ್ಣ ಚಿಂತೆ ಆಗಿತ್ತು ನನಗೆ. ಅವನು ಅಂಬೆಗಾಲು ಹಾಕ್ಲೇ ಇಲ್ಲ, ಕೂತ್ಕೊಂಡೇ ಒಂದು ಕೈ ಊರಿ ಸರೀತಿದ್ದ. ನೋಡಿದವರೆಲ್ಲ ಒಂದೊಂದು ಮಾತು. ಡಾಕ್ಟರು ನೋಡಿ ಎರಡೂ ಕೈ ಎರಡೂ ಕಾಲು ಸಮವಾಗಿ ಬಳಸ್ತಿದಾನೆ, ನಿಲ್ಲಿಸಿದ್ರೆ ಭಾರ ಹೊರ್ತಿದಾನೆ, ಬಿಡಿ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶದ 816 ಮಕ್ಕಳನ್ನ ನೋಡಿ 2006ರಲ್ಲಿ ಕೊಟ್ಟ ವರದಿಯಲ್ಲೂ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಹಾಕ್ದೇನೇ ನಡೆದಿದಾರೆ, ಒಬ್ಬರೇ ನಡೆಯೋದು ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳ ತನಕ ಯಾವಾಗ ಬೇಕಾದ್ರೂ ಆಗಿದೆ. ದೊಡ್ಡವಳು ಮಾತ್ರ ಕಲಿಸೋದು ಬಿಡ್ಲಿಲ್ಲ, ಅವನ ಪಕ್ಕ ತಾನೇ ಅಂಬೆಗಾಲಲ್ಲಿ ಇಡೀ ಹಾಲ್ ಸುತ್ತಿ ಸುತ್ತಿ ಅವಳ ಮಂಡಿ ತರಚಿಹೋಯ್ತು. ಅವನು ಕೂತು ನೋಡ್ದ. ಹನ್ನೊಂದನೇ ತಿಂಗಳಲ್ಲಿ ಸೋಫಾ ಹಿಡಿದು ಎದ್ದು ನಿಂತ, ಅಷ್ಟು ಹೊತ್ತಿಗೆ "ಕ್ಕ, ಕ್ಕ" ಅಂತ ಅವಳನ್ನ ಕರೆಯೋಕೂ ಶುರು ಮಾಡಿದ್ದ. ಅದು ಮಾತೋ ಬರೀ ಸದ್ದೋ ಅಂತ ನಾವು ಚರ್ಚೆ ಮಾಡ್ತಿದ್ರೆ ಅವಳು ಓ ಅಂತ ಓಗೊಟ್ಟು ಹೋಗಿಯಾಗಿರ್ತಿತ್ತು.

ಜಗಳ ಮುಗೀತು ಅಂತಲ್ಲ. ಮೊನ್ನೆ ಅವಳ ಬಣ್ಣದ ಪುಸ್ತಕದ ಎರಡು ಹಾಳೆ ಅವನು ಹರಿದು ತಿಂದ, ಅವಳು ತಳ್ಳಿದ್ಳು, ಅವನು ಬಿದ್ದು ಅತ್ತ, ನಾನು ಬಯ್ದೆ. ಇಪ್ಪತ್ತು ನಿಮಿಷ ತಪ್ಪಿಹೋದ ದಿನಗಳೂ ಬೇಕಾದಷ್ಟಿವೆ. ತಪ್ಪಿದ್ರೆ ಅವಳು ಈಗ ಕೂಗಲ್ಲ, ಬಂದು ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸ್ಕೊಳ್ತಾಳೆ.

ಅವನಿಗೆ ಒಂದು ವರ್ಷ ತುಂಬಿದ ರಾತ್ರಿ. ತೂಕ 9.3 ಕಿಲೋ, ಹುಟ್ಟಿದ್ದರ ಮೂರರಷ್ಟು. ನೆತ್ತಿ ಇನ್ನೂ ಪೂರ್ತಿ ಕೂಡಿಲ್ಲ, ಅವಳು ಬೆಳಿಗ್ಗೆನೇ ಮುಟ್ಟಿ ನೋಡಿ ಹೇಳಿದ್ಳು. ಪಾಪುನ ಮಲಗಿಸಿ ಲೈಟ್ ಆರಿಸ್ಬೇಕು ಅನ್ನೋವಾಗ ಅವಳು ಬಾಗಿಲಲ್ಲಿ ಬಂದು ನಿಂತ್ಳು, ಕೈಯಲ್ಲಿ ಕರಡಿ. ಹೊಲಿಗೆ ಹಾಕಿದ ಕಿವಿ, ಒಂದು ಕಣ್ಣು ಸಡಿಲ ಆಗಿದ್ದನ್ನ ಆವತ್ತೇ ಸಂಜೆ ಅಪ್ಪನ ಹತ್ರ ಗಟ್ಟಿಯಾಗಿ ಹೊಲಿಸ್ಕೊಂಡಿದ್ಳಂತೆ, ಕಣ್ಣು ಕಿತ್ತು ಬಂದ್ರೆ ಕೊಳವೆಯಲ್ಲಿ ತೂರುತ್ತೆ ಅಂತ. "365 ಆಯ್ತು" ಅಂದ್ಳು. ಎಣಿಸೋಕೆ ಅವಳಿಗೆ ಈಗ ಬರುತ್ತೆ.

ನಾನು ಪಕ್ಕಕ್ಕೆ ಸರಿದೆ. ಅವಳು ತೊಟ್ಟಿಲ ಹತ್ರ ಹೋಗಿ ತುದಿಗಾಲಲ್ಲಿ ನಿಂತು ಕರಡಿನ ಅವನ ಕಾಲ ಹತ್ರ ಇಟ್ಟಳು, ಮುಖದಿಂದ ದೂರ. ಅವನು ಎದ್ದು ಕೂತ, ಅದನ್ನ ಎಳ್ಕೊಂಡ, ಹೊಲಿದ ಕಿವಿನೇ ಬಾಯಿಗೆ ಹಾಕ್ಕೊಂಡ, ಹಾಗೇ ವಾಲಿ ಮಲಗ್ದ. ಅವಳು ಎಷ್ಟೋ ಹೊತ್ತು ನಿಂತು ನೋಡಿದ್ಳು. ಆಮೇಲೆ ಬಂದು ನನ್ನ ಕೈ ಹಿಡ್ಕೊಂಡು ತನ್ನ ರೂಮಿಗೆ ಎಳೀತಾ, "ಬೆಳಿಗ್ಗೆ ವಾಪಸ್ ತಗೋತೀನಿ, ಇವತ್ತೊಂದು ರಾತ್ರಿ ನೀನು ನನ್ ಜೊತೆ ಮಲಗು" ಅಂದ್ಳು.